ಹೆಸರು ಆಮೇಲೆ, ನೋಟ ಮೊದಲು: ಪುಟ್ಟ ಮಕ್ಕಳಿಗೆ ಮನೆಯಲ್ಲೇ ಬಾಹ್ಯಾಕಾಶ ಮತ್ತು ವಿಜ್ಞಾನದ ರುಚಿ ಹತ್ತಿಸುವುದು ಹೇಗೆ

ಮಗಳಿಗೆ ಆಗ ಐದು ವರ್ಷ. ಸಂಜೆ ಹೊತ್ತು, ಕಾರಿನ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದಳು. "ಅಪ್ಪಾ, ಚಂದ್ರ ಯಾಕೆ ನಮ್ಮ ಹಿಂದೇನೇ ಬರ್ತಿದಾನೆ?" ಅಂದಳು. ಗೊತ್ತಿದ್ದ ಪ್ರಶ್ನೆ ನೋಡಿ, ನನಗೆ ಖುಷಿಯೋ ಖುಷಿ. ದೂರ, ಕೋನ, ಭ್ರಮೆ ಅಂತ ಶುರು ಹಚ್ಚಿಕೊಂಡೆ. ಅರ್ಧ ನಿಮಿಷ ಆಗುವಷ್ಟರಲ್ಲಿ ಅವಳ ಕಣ್ಣು ಕಿಟಕಿ ಬಿಟ್ಟು ತನ್ನ ಚಪ್ಪಲಿಯ ಬಕಲ್ ಮೇಲೆ ಹೋಗಿತ್ತು. ಪ್ರಶ್ನೆ ಸತ್ತಿತ್ತು, ಸಾಯಿಸಿದ್ದು ನಾನೇ.

ಮಾರನೇ ದಿನ ಅದೇ ದಾರಿಯಲ್ಲಿ ಬಾಯಿ ಮುಚ್ಚಿಕೊಂಡೆ. "ಆ ಕಂಬ ನೋಡು, ಆಮೇಲೆ ಆ ಮರ ನೋಡು" ಅಂದೆ ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: "ಹತ್ತಿರದ ಕಂಬ ಜೋರಾಗಿ ಹಿಂದಕ್ಕೆ ಓಡುತ್ತೆ. ದೂರದ ಮರ ನಿಧಾನ. ಚಂದ್ರ ಓಡೋದೇ ಇಲ್ಲ." ಒಂದು ಕ್ಷಣ ಬಿಟ್ಟು, "ಹಂಗಾದ್ರೆ ಚಂದ್ರ ತುಂಬಾ ತುಂಬಾ ದೂರ ಇದಾನಾ?" ಎಂದು ಕೇಳಿದಳು. ಖಗೋಳಶಾಸ್ತ್ರಜ್ಞರು ಹತ್ತಿರದ ನಕ್ಷತ್ರಗಳ ದೂರ ಅಳೆಯುವುದೂ ಇದೇ ತತ್ವದ ಮೇಲೆ. ಅದರ ಹೆಸರನ್ನು ನಾನು ಆವತ್ತು ಹೇಳಲಿಲ್ಲ.

ಈ ಲೇಖನ ಮೂರರಿಂದ ಎಂಟು ವರ್ಷದ ಮಕ್ಕಳಿರುವ ಮನೆಗೆ. ವಿಜ್ಞಾನ ಓದಿದವರೇ ಆಗಿರಬೇಕೆಂದಿಲ್ಲ. ಓದಿದವರು ಸ್ವಲ್ಪ ಹೆಚ್ಚೇ ಎಚ್ಚರದಿಂದಿರಬೇಕು, ಯಾಕೆಂದರೆ ವಿವರಿಸುವ ಚಪಲ ನಮಗೆ ಜಾಸ್ತಿ.

ಹೆಜ್ಜೆ 1: ಉತ್ತರವನ್ನು ಐದು ಸೆಕೆಂಡ್ ತಡೆಯಿರಿ

ಮಗು ಪ್ರಶ್ನೆ ಕೇಳಿದಾಗ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಎಷ್ಟೋ ಸಲ ಆ ಬಿಡುವಿನಲ್ಲಿ ಮಗುವೇ ಮುಂದಿನ ಮಾತು ಆಡುತ್ತದೆ, ಅಸಲಿ ಪ್ರಶ್ನೆ ಅದರಲ್ಲಿರುತ್ತದೆ. "ಸೂರ್ಯ ರಾತ್ರಿ ಎಲ್ಲಿಗೆ ಹೋಗ್ತಾನೆ?" ಎಂದವಳು "ಅವನಿಗೂ ನಿದ್ದೆ ಬರುತ್ತಾ?" ಎಂದು ಸೇರಿಸಿದರೆ ಅವಳಿಗೆ ಭೂಮಿಯ ತಿರುಗಾಟದ ಪಾಠ ಬೇಕಿಲ್ಲ. ಸೂರ್ಯನಿಗೆ ಜೀವ ಇದೆಯೋ ಇಲ್ಲವೋ ಎಂಬುದು ಅವಳ ಗೊಂದಲ.

ಆಮೇಲೆ ಕೇಳಬೇಕಾದದ್ದು "ನಿನಗೇನನ್ಸುತ್ತೆ?" ಎಂದು. ಆದರೆ ಇದನ್ನೇ ಮಂತ್ರ ಮಾಡಿಕೊಳ್ಳಬೇಡಿ. ಪ್ರತಿ ಪ್ರಶ್ನೆಗೂ ಮರುಪ್ರಶ್ನೆ ಎಸೆಯುವ ದೊಡ್ಡವರನ್ನು ಕಂಡರೆ ಮಕ್ಕಳಿಗೆ ರೇಜಿಗೆ. "ಈ ಗ್ರಹದ ಹೆಸರೇನು?" ಎಂದು ಕೇಳಿದರೆ "ಗುರು" ಎಂದು ಹೇಳಿ ಮುಗಿಸಿ. ನೋಡಿ, ಮುಟ್ಟಿ, ಎಣಿಸಿ ಕಂಡುಕೊಳ್ಳಬಹುದಾದದ್ದನ್ನು ಮಾತ್ರ ಮಗುವಿಗೆ ಬಿಡಿ.

ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ" ಎನ್ನಿ. ಅಲ್ಲಿಗೇ ನಿಲ್ಲಿಸಬೇಡಿ, ಪ್ರಶ್ನೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಗು ಹೇಳಿದ ಮಾತಿನಲ್ಲೇ, ತಿದ್ದದೆ ಬರೆಯಬೇಕು. ಬರೆಯಲು ಬಾರದ ಮಗು ಪಕ್ಕದಲ್ಲಿ ಚಿತ್ರ ಗೀಚಲಿ. ವಾರಕ್ಕೊಮ್ಮೆ ಒಂದು ಪ್ರಶ್ನೆ ಆರಿಸಿ ಅದರ ಬೆನ್ನು ಹತ್ತಿದರೆ ಸಾಕು. ನಮ್ಮ ಪುಸ್ತಕದ ಮೊದಲ ಪುಟದಲ್ಲಿ "ಆಕಾಶದ ಕೆಳಗಡೆ ಎಲ್ಲಿದೆ?" ಎಂದಿದೆ. ಅದಕ್ಕೆ ಸರಿಯಾದ ಉತ್ತರ ನನಗೆ ಈಗಲೂ ತೋಚಿಲ್ಲ.

ಹೆಜ್ಜೆ 2: ಒಂದು ತಿಂಗಳು ಚಂದ್ರನನ್ನು ಬೆನ್ನಟ್ಟಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಖರ್ಚಿಲ್ಲ, ನಗರದ ದೀಪಗಳ ಕಾಟವಿಲ್ಲ, ಕಿಟಕಿಯೊಂದಿದ್ದರೂ ಆಗುತ್ತದೆ.

ಒಂದು ಹಾಳೆಯಲ್ಲಿ ಮೂವತ್ತು ವೃತ್ತ ಬರೆದು ಗೋಡೆಗೆ ಅಂಟಿಸಿ. ದಿನಾ ಚಂದ್ರ ಕಂಡಾಗ ಕಪ್ಪಾಗಿರುವ ಭಾಗಕ್ಕೆ ಮಗು ಪೆನ್ಸಿಲ್ ತುಂಬಲಿ. ಮೋಡ ಇದ್ದರೆ ಮೋಡದ ಚಿತ್ರ ಹಾಕಲಿ. ಅಂದಾಜಿನ ಮೇಲೆ ಖಾಲಿ ವೃತ್ತ ತುಂಬಲು ಬಿಡಬೇಡಿ. ಕಾಣದೇ ಇದ್ದದ್ದನ್ನು ಕಾಣಲಿಲ್ಲ ಎಂದು ದಾಖಲಿಸುವ ಅಭ್ಯಾಸವಾಗುವುದು ಇಲ್ಲಿಂದಲೇ.

ಶುರು ಮಾಡಲು ಒಳ್ಳೆಯ ದಿನವೆಂದರೆ ಅಮಾವಾಸ್ಯೆಯಾದ ಎರಡು ಮೂರು ದಿನಕ್ಕೆ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ತೆಳ್ಳಗಿನ ಗೆರೆಯಂತೆ ಚಂದ್ರ ಸಿಗುತ್ತಾನೆ. ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ನೋಡಿದರೆ ಅವನು ಇನ್ನೂ ಮೇಲಿರುತ್ತಾನೆ, ಇನ್ನೂ ದಪ್ಪಗಿರುತ್ತಾನೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಅದನ್ನು ಹೇಳಬೇಡಿ, "ನಿನ್ನೆ ಆ ಮರದ ಹತ್ತಿರ ಇದ್ದ ಅಲ್ವಾ?" ಎಂದು ಸುಮ್ಮನಾಗಿ.

ಹುಣ್ಣಿಮೆ ದಾಟಿದ ಮೇಲೆ ಸಮಸ್ಯೆ ಬರುತ್ತದೆ. ಚಂದ್ರ ಹುಟ್ಟುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಬಹಳ ಜನ ಇಲ್ಲೇ ಕೈಬಿಡುವುದು. ಆಗ ಬೆಳಗ್ಗೆ ನೋಡಿ. ಹುಣ್ಣಿಮೆಯಾಗಿ ವಾರದ ಹೊತ್ತಿಗೆ ಬೆಳಗಿನ ನೀಲಿ ಆಕಾಶದಲ್ಲೇ ಅರ್ಧಚಂದ್ರ ಬಿಳಿಚಿಕೊಂಡು ನಿಂತಿರುತ್ತಾನೆ. ಹಗಲಲ್ಲಿ ಚಂದ್ರ ಕಂಡ ಮಗುವಿನ ಮುಖ ನೋಡಬೇಕು. ಕಥೆ, ಚಿತ್ರ, ಪದ್ಯ ಎಲ್ಲ ಸೇರಿ "ಚಂದ್ರ ರಾತ್ರಿಯವನು" ಎಂದು ಅದಕ್ಕೆ ಹೇಳಿಕೊಟ್ಟಿರುತ್ತವೆ. ಆ ನಂಬಿಕೆಯನ್ನು ಒಡೆದದ್ದು ಅದರದೇ ಕಣ್ಣು.

ತಿಂಗಳು ಮುಗಿದು ವೃತ್ತಗಳು ತುಂಬಿದಾಗ (ಪೂರ್ತಿ ಸುತ್ತಿಗೆ ಸುಮಾರು 29 ದಿನ 12 ಗಂಟೆ) ಚೆಂಡು ಮತ್ತು ದೀಪ ತೆಗೆಯಿರಿ. ಕತ್ತಲೆ ಕೋಣೆಯಲ್ಲಿ ಮುಚ್ಚಳವಿಲ್ಲದ ಒಂದು ಬಲ್ಬ್ ಮಗುವಿನ ತಲೆಯ ಎತ್ತರಕ್ಕಿರಲಿ. ಅದು ಸೂರ್ಯ. ಪೆನ್ಸಿಲ್ಲಿಗೆ ಸಿಕ್ಕಿಸಿದ ಬಿಳಿ ಚೆಂಡು ಚಂದ್ರ. ಮಗುವಿನ ತಲೆಯೇ ಭೂಮಿ. ಕೈ ನೀಳವಾಗಿ ಚಾಚಿ, ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದು, ದೀಪಕ್ಕೆ ಮುಖ ಮಾಡಿ ನಿಲ್ಲಲಿ. ಚೆಂಡಿನ ಈ ಕಡೆ ಪೂರ್ತಿ ಕಪ್ಪು, ಅಂದರೆ ಅಮಾವಾಸ್ಯೆ. ಈಗ ನಿಂತಲ್ಲೇ ಎಡಕ್ಕೆ ನಿಧಾನವಾಗಿ ತಿರುಗಲಿ. ಬಲಅಂಚಿನಲ್ಲಿ ಗೆರೆ, ಆಮೇಲೆ ಅರ್ಧ, ದೀಪಕ್ಕೆ ಬೆನ್ನು ಬಂದಾಗ ಪೂರ್ತಿ. ಗೋಡೆಯ ಹಾಳೆಯಲ್ಲಿ ತಾನೇ ಬರೆದದ್ದು ಚೆಂಡಿನ ಮೇಲೆ ಒಂದೊಂದಾಗಿ ಮೂಡುತ್ತದೆ. ಬೆನ್ನು ಬಂದಾಗ ಚೆಂಡನ್ನು ತಗ್ಗಿಸಿದರೆ ತಲೆಯ ನೆರಳು ಅದರ ಮೇಲೆ ಬಿದ್ದು ಚಂದ್ರಗ್ರಹಣವೂ ಆಗುತ್ತದೆ. ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ ಚೆಂಡನ್ನು ಮತ್ತೆ ಮೇಲೆತ್ತಿ ತೋರಿಸಿ. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ.

ಈ ಆಟವನ್ನು ತಿಂಗಳ ಮೊದಲೇ ಆಡಿಸಿದರೆ ಅದು ಬರೀ ಜಾದೂ. ನೋಡಿದ ಮೇಲೆ ಆಡಿಸಿದರೆ "ಓ, ಅದಕ್ಕಾ!" ಎಂಬ ಉದ್ಗಾರ ಬರುತ್ತದೆ.

ಹೆಜ್ಜೆ 3: ಸೂರ್ಯನನ್ನು ನೆರಳಿನಲ್ಲೇ ನೋಡಿ

ಮೊದಲು ಕಟ್ಟುನಿಟ್ಟಿನ ಮಾತು. ಸೂರ್ಯನನ್ನು ನೇರವಾಗಿ ನೋಡಬಾರದು. ತಂಪು ಕನ್ನಡಕ, ಎಕ್ಸ್‌ರೇ ಹಾಳೆ ಯಾವುದೂ ಕಾಪಾಡುವುದಿಲ್ಲ. ಬೈನಾಕ್ಯುಲರ್‌ನಲ್ಲಿ ಒಂದು ಕ್ಷಣ ನೋಡಿದರೂ ಕಣ್ಣಿನ ಹಿಂಭಾಗದ ಪದರವಾದ ರೆಟಿನಾ ಶಾಶ್ವತವಾಗಿ ಸುಟ್ಟುಹೋಗಬಹುದು. ರೆಟಿನಾಕ್ಕೆ ನೋವು ಗೊತ್ತಾಗದ ಕಾರಣ ಮಗು ಕಿರುಚುವುದೂ ಇಲ್ಲ.

ನೆರಳಿಗೆ ಯಾವ ಅಪಾಯವೂ ಇಲ್ಲ. ಬಿಸಿಲಿನಲ್ಲಿ ಒಂದು ಕೋಲು ನೆಟ್ಟು ನೆರಳಿನ ತುದಿಗೆ ಗಂಟೆಗೊಂದು ಕಲ್ಲು ಇಡಿಸಿ. ಸಂಜೆಗೆ ಕಲ್ಲುಗಳು ಸಾಲಾಗಿ ನಿಂತು ಸೂರ್ಯನ ಪ್ರಯಾಣ ಬರೆದಿರುತ್ತವೆ. ನೆರಳು ಅತಿ ಚಿಕ್ಕದಾದ ಹೊತ್ತು ಗಡಿಯಾರದ ಹನ್ನೆರಡಕ್ಕೆ ಸರಿಹೊಂದದೇ ಇರಬಹುದು. ಮಕ್ಕಳಿಗೆ ಇದು ದೊಡ್ಡ ಪತ್ತೇದಾರಿ. ಸುಮಾರು 2,200 ವರ್ಷಗಳ ಹಿಂದೆ ಎರಟಾಸ್ತೆನೀಸ್ ಎಂಬಾತ ಇಂಥದೇ ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ ಎಂದು ಎಂಟು ವರ್ಷದವರಿಗೆ ಹೇಳಬಹುದು. ನಾಲ್ಕು ವರ್ಷದವರಿಗೆ ಕಲ್ಲು ಸಾಕು.

ಹೆಜ್ಜೆ 4: ಮನೆಯೊಳಗಿನ ಪ್ರಯೋಗ, ಎರಡೇ ನಿಯಮ

ಮಾಡುವ ಮೊದಲು ಊಹೆ ಹೇಳಬೇಕು. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು. ಈ ಎರಡು ಇಲ್ಲದಿದ್ದರೆ ಅದು ಬಣ್ಣದ ನೀರಿನ ಸಂಭ್ರಮ ಅಷ್ಟೇ. ನೊರೆ ಉಕ್ಕಿಸುವ "ಜ್ವಾಲಾಮುಖಿ"ಯ ಬಗ್ಗೆ ನನಗೆ ಅಂಥ ಅಭಿಮಾನವಿಲ್ಲ. ಉಕ್ಕುತ್ತದೆ, ಚಪ್ಪಾಳೆ ಬೀಳುತ್ತದೆ, ನೆಲ ಒರೆಸಬೇಕಾಗುತ್ತದೆ. ನಿಜವಾದ ಜ್ವಾಲಾಮುಖಿಗೂ ಅದಕ್ಕೂ ಸಂಬಂಧವೇ ಇಲ್ಲ.

*ಚಂದ್ರನ ಕುಳಿ.* ಅಗಲವಾದ ಟ್ರೇಯಲ್ಲಿ ನಾಲ್ಕೈದು ಸೆಂಟಿಮೀಟರ್ ಹಿಟ್ಟು ಹರಡಿ, ಮೇಲೆ ಬೇರೆ ಬಣ್ಣದ ಪುಡಿ ತೆಳ್ಳಗೆ ಉದುರಿಸಿ. ಒಂದೇ ಗೋಲಿಯನ್ನು ಮೊಣಕಾಲು, ಸೊಂಟ, ತಲೆ ಎತ್ತರದಿಂದ ಬೀಳಿಸಿ ಕುಳಿಯ ಅಗಲ ಅಳೆಯಲಿ. ಆಮೇಲೆ ಎತ್ತರ ಅದೇ ಇರಲಿ, ಗೋಲಿ ಬದಲಾಗಲಿ. ಒಳಗಿನ ಬಿಳಿ ಹಿಟ್ಟು ಕಿರಣಗಳಂತೆ ಸುತ್ತ ಚಿಮ್ಮಿರುತ್ತದೆ. ಹುಣ್ಣಿಮೆಯ ದಿನ ಬೈನಾಕ್ಯುಲರ್ ಹಿಡಿದು ನೋಡಿದರೆ ಟೈಕೊ ಎಂಬ ಕುಳಿಯ ಸುತ್ತ ಇದೇ ಬಗೆಯ ಕಿರಣಗಳು ಕಾಣುತ್ತವೆ. ಗೋಲಿಯನ್ನು ಓರೆಯಾಗಿ ಎಸೆದರೆ ಕುಳಿ ಉದ್ದವಾಗುತ್ತದಲ್ಲ, ಚಂದ್ರನ ಮೇಲೆ ಮಾತ್ರ ಹೆಚ್ಚಿನವು ದುಂಡಗೇ ಇವೆ. ಅಲ್ಲಿ ಬಂಡೆಗಳು ಅಪ್ಪಳಿಸುವುದು ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದಲ್ಲಿ. ಬಡಿತಕ್ಕಿಂತ ಹೆಚ್ಚಾಗಿ ಅದು ಸ್ಫೋಟ, ಸ್ಫೋಟ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ.

*ಪುಸ್ತಕ ಮತ್ತು ಕಾಗದ.* ಒಂದು ಪುಸ್ತಕ, ಅದಕ್ಕಿಂತ ಚಿಕ್ಕದಾದ ಒಂದು ಹಾಳೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಪುಸ್ತಕ ಮೊದಲು ಬೀಳುತ್ತದೆ, ಎಲ್ಲರ ಊಹೆಯೂ ಅದೇ. ಈಗ ಹಾಳೆಯನ್ನು ಪುಸ್ತಕದ ಮೇಲೆ ಚಪ್ಪಟೆಯಾಗಿ ಇಟ್ಟು, ಅಂಟಿಸದೆ ಬಿಡಿ. ಎರಡೂ ಜೊತೆಯಲ್ಲೇ ನೆಲ ಮುಟ್ಟುತ್ತವೆ! ಗಾಳಿಯನ್ನು ಪುಸ್ತಕ ತಡೆದುಕೊಂಡಿತು, ಹಾಳೆಗೆ ಅಡ್ಡಿ ಉಳಿಯಲಿಲ್ಲ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಒಂದು ಗರಿಯನ್ನೂ ಒಟ್ಟಿಗೆ ಬಿಟ್ಟರು. ಗಾಳಿಯೇ ಇಲ್ಲದ ಅಲ್ಲಿ ಎರಡೂ ಒಟ್ಟಿಗೇ ಬಿದ್ದವು. ಆ ವಿಡಿಯೊ ಸಿಗುತ್ತದೆ, ಪುಸ್ತಕದ ಪ್ರಯೋಗ ಆದ ಮೇಲೆ ತೋರಿಸಿ.

*ಬಲೂನ್ ರಾಕೆಟ್.* ಕೋಣೆಯ ಉದ್ದಕ್ಕೂ ದಾರ ಕಟ್ಟಿ, ಅದಕ್ಕೊಂದು ಸ್ಟ್ರಾ ಪೋಣಿಸಿ, ಊದಿದ ಬಲೂನನ್ನು ಸ್ಟ್ರಾಗೆ ಟೇಪ್ ಹಾಕಿ ಬಾಯಿ ಬಿಡಿ. ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ರಾಕೆಟ್ಟೂ ಹೀಗೆಯೇ, ನೆಲವನ್ನು ಒದ್ದು ಹಾರುವುದಲ್ಲ.

ಒಡೆದ ಬಲೂನಿನ ಚೂರು, ಪುಟ್ಟ ಬಲವಾದ ಅಯಸ್ಕಾಂತ, ಗುಂಡಿಯಂಥ ಬ್ಯಾಟರಿ ಈ ಮೂರೂ ಬಾಯಿಗೆ ಹೋದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಆಟ ಮುಗಿದ ಕೂಡಲೇ ಎತ್ತಿಡಿ.

ಹೆಜ್ಜೆ 5: ದೂರವನ್ನು ಕಾಲಿನಿಂದ ಅಳೆಸಿ

ಚಾರ್ಟುಗಳಲ್ಲಿ ಗ್ರಹಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಹಾಳೆಯಲ್ಲಿ ಜಾಗವಿಲ್ಲ, ಬೇರೆ ದಾರಿಯಿಲ್ಲ. ಆದರೆ ಬಾಹ್ಯಾಕಾಶದ ಬಹುಪಾಲು ಖಾಲಿ ಎಂಬುದೇ ಅಲ್ಲಿ ಕಳೆದುಹೋಗುತ್ತದೆ.

ಒಂದು ಫುಟ್‌ಬಾಲ್ ಭೂಮಿ ಎನ್ನಿ. ಸುಮಾರು 6 ಸೆಂಟಿಮೀಟರ್ ಅಗಲದ ಚಿಕ್ಕ ಚೆಂಡು ಚಂದ್ರ. "ಎಷ್ಟು ದೂರ ಇಡೋಣ?" ಎಂದು ಕೇಳಿ. ಮಕ್ಕಳು ಒಂದು ಗೇಣು ದೂರ ಇಡುತ್ತಾರೆ. ದೊಡ್ಡವರೂ ಅಷ್ಟೇ. ಸರಿಯಾದ ಜಾಗ ಆರೂವರೆ ಮೀಟರ್ ಆಚೆ. ಚಂದ್ರ ನಮ್ಮಿಂದ ಸರಾಸರಿ 3,84,400 ಕಿಲೋಮೀಟರ್ ದೂರ, ಅಷ್ಟರಲ್ಲಿ ಮೂವತ್ತು ಭೂಮಿಗಳನ್ನು ಸಾಲಾಗಿ ಇಡಬಹುದು. ಅದೇ ಫುಟ್‌ಬಾಲಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಲ್ಲಿದೆ? ಚೆಂಡಿನ ಮೇಲ್ಮೈಯಿಂದ ಬರೀ 7 ಮಿಲಿಮೀಟರ್ ಎತ್ತರದಲ್ಲಿ. ಇದನ್ನು ಕೇಳಿ ಬೆರಗಾಗಿದ್ದು ಮಗಳಿಗಿಂತ ನನ್ನ ಹೆಂಡತಿ.

ಇನ್ನೊಂದು ದಿನ ಬಯಲಿಗೆ ಹೋಗಿ ಅದೇ ಫುಟ್‌ಬಾಲನ್ನು ಸೂರ್ಯ ಮಾಡಿ. ಈಗ ಭೂಮಿ 2 ಮಿಲಿಮೀಟರಿನ ಕಾಳು, ಇರುವುದು ಸುಮಾರು 24 ಮೀಟರ್ ದೂರದಲ್ಲಿ. ಮಗು ಕಾಳು ಹಿಡಿದು ಹೆಜ್ಜೆ ಎಣಿಸುತ್ತಾ ನಡೆಯಲಿ. ನೆಪ್ಚೂನ್ ಸುಮಾರು 700 ಮೀಟರ್ ದೂರದಲ್ಲಿದೆ, ಅಲ್ಲಿಯವರೆಗೆ ನಡೆಯುವ ಉತ್ಸಾಹ ಯಾರಿಗೂ ಇರುವುದಿಲ್ಲ, ಇರಲಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಈ ಅಳತೆಯಲ್ಲಿ ಅದು ಫುಟ್‌ಬಾಲಿಗಿಂತ ತುಂಬಾ ಚಿಕ್ಕ ಚೆಂಡು, ಇರುವುದು 6,000 ಕಿಲೋಮೀಟರಿಗೂ ಆಚೆ.

ಹೆಜ್ಜೆ 6: ಕತ್ತಲೆಗೆ ಕಣ್ಣು ಹೊಂದಿಸಿ

ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿದರೆ ಈ ತೊಂದರೆ ಕಮ್ಮಿ. ಮಕ್ಕಳಿಗೆ ಆ ಕೆಂಪು ಟಾರ್ಚೇ ಅರ್ಧ ಸಂಭ್ರಮ.

ಮೊದಲ ರಾತ್ರಿ ನಕ್ಷತ್ರಪುಂಜಗಳ ಹೆಸರು ಹೇಳಬೇಡಿ. ಬಣ್ಣ ಕೇಳಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಸಂಜೆಯ ಆಕಾಶದಲ್ಲಿ ಒರೈಯನ್ ಸುಲಭ, ಸಾಲಾಗಿ ನಿಂತ ಮೂರು ನಕ್ಷತ್ರಗಳ ಪಟ್ಟಿ. ಅದರ ಒಂದು ಬದಿಗೆ ಕೆಂಪಗಿನ ಆರ್ದ್ರಾ, ಇನ್ನೊಂದು ಬದಿಗೆ ನೀಲಿಬಿಳುಪಿನ ರೈಜೆಲ್. ಕೆಂಪು ಅಂದರೆ ತಣ್ಣಗಿನದು, ನೀಲಿ ಅಂದರೆ ಬಿಸಿಯದು. ನಲ್ಲಿಯ ಮೇಲಿನ ಗುರುತಿಗೆ ಪೂರಾ ಉಲ್ಟಾ ಎಂದು ಮಗಳು ಆಕ್ಷೇಪ ಎತ್ತಿದ್ದಳು.

ಸೂರ್ಯ ಮುಳುಗಿದ ಒಂದೆರಡು ಗಂಟೆಯೊಳಗೆ ಮಿನುಗದೆ, ಸದ್ದಿಲ್ಲದೆ, ಒಂದೇ ಸಮನೆ ಸಾಗುವ ಚುಕ್ಕಿ ಕಂಡರೆ ಅದು ಕೃತಕ ಉಪಗ್ರಹ. ತುಂಬಾ ಪ್ರಕಾಶಮಾನವಾಗಿದ್ದರೆ ಬಾಹ್ಯಾಕಾಶ ನಿಲ್ದಾಣವೇ ಇರಬಹುದು. ಅದು ನಿಮ್ಮಲ್ಲಿ ಯಾವಾಗ ಕಾಣುತ್ತದೆಂದು ತಿಳಿಸುವ ಉಚಿತ ಸೇವೆಗಳಿವೆ. ಸುಮಾರು ಒಂದೂವರೆ ಗಂಟೆಗೆ ಅದು ಭೂಮಿಗೆ ಒಂದು ಸುತ್ತು ಹಾಕುತ್ತದೆ. ಒಳಗೆ ಈಗ ಮನುಷ್ಯರಿದ್ದಾರೆ ಎಂದು ಹೇಳಿ, ಕೈಬೀಸದ ಮಗುವನ್ನು ನಾನು ಕಂಡಿಲ್ಲ.

ಹೆಜ್ಜೆ 7: ಟೆಲಿಸ್ಕೋಪ್ ಕೊಳ್ಳುವ ಮುನ್ನ

ನಾನು ಮೊದಲು ಕೊಂಡದ್ದು ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 450 ಪಟ್ಟು ಎಂದು ಬರೆದಿದ್ದ ಆಟಿಕೆ ಟೆಲಿಸ್ಕೋಪ್. ಸ್ಟ್ಯಾಂಡ್ ಉಸಿರಾಡಿದರೂ ನಡುಗುತ್ತಿತ್ತು. ಗುರುಗ್ರಹ ಕಣ್ಣಿಗೆ ಸಿಗುವಷ್ಟರಲ್ಲಿ ಮಗಳು ನಿದ್ದೆ ಹೋಗಿದ್ದಳು. ಆಮೇಲೆ ತಿಳಿಯಿತು: ಮಸೂರದ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡು ಪಟ್ಟೇ ಉಪಯೋಗಕ್ಕೆ ಬರುವ ಗರಿಷ್ಠ ವರ್ಧನೆ. 50 ಮಿಲಿಮೀಟರಿನದಕ್ಕೆ 100 ಪಟ್ಟು. ಉಳಿದದ್ದೆಲ್ಲ ಮಸುಕು.

ಬದಲಿಗೆ ಒಂದು ಬೈನಾಕ್ಯುಲರ್ ತನ್ನಿ. 7×50 ಅಥವಾ 10×50 ಎಂದು ಗುರುತಿದ್ದರೆ ಚೆನ್ನ (ಮೊದಲ ಸಂಖ್ಯೆ ಎಷ್ಟು ಪಟ್ಟು ವರ್ಧನೆ ಎಂಬುದು, ಎರಡನೆಯದು ಮಸೂರದ ಅಗಲ ಮಿಲಿಮೀಟರಿನಲ್ಲಿ), ಪುಟ್ಟ ಕೈಗೆ ಭಾರ ಎನಿಸಿದರೆ 8×42. ಗೋಡೆಗೋ ಕುರ್ಚಿಯ ಬೆನ್ನಿಗೋ ಆನಿಸಿ ಹಿಡಿದರೆ ಚಂದ್ರನ ಕುಳಿಗಳು, ಕೃತ್ತಿಕೆಯ ಹತ್ತಾರು ನಕ್ಷತ್ರಗಳು, ಗುರುವಿನ ಪಕ್ಕ ಚುಕ್ಕಿಗಳಂತೆ ಅದರ ಉಪಗ್ರಹಗಳು ಸಿಗುತ್ತವೆ. 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಉಪಗ್ರಹಗಳು ಇವೇ. ಎರಡು ರಾತ್ರಿ ಅವುಗಳ ಜಾಗ ಗುರುತು ಹಾಕಿಕೊಂಡರೆ ಸ್ಥಾನ ಬದಲಾದದ್ದು ತಿಳಿಯುತ್ತದೆ. ಚಂದ್ರನ ಕುಳಿ ನೋಡಲು ಹುಣ್ಣಿಮೆಗಿಂತ ಅರ್ಧಚಂದ್ರನೇ ಒಳ್ಳೆಯದು, ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ನೆರಳು ಉದ್ದವಾಗಿರುತ್ತದೆ.

ನಾವೇ ತಪ್ಪು ಹೇಳಿಕೊಡುವ ಮೂರು ವಿಷಯ

ಚಂದ್ರ ಸವೆಯುವುದು ಭೂಮಿಯ ನೆರಳಿನಿಂದ ಅಲ್ಲ. ನೆರಳು ಬಿದ್ದರೆ ಅದು ಗ್ರಹಣ. ಚೆಂಡಿನ ಆಟ ಆಡಿದವರಿಗೆ ಈ ಗೊಂದಲ ಬರುವುದಿಲ್ಲ.

ಬೇಸಿಗೆ ಬರುವುದು ಭೂಮಿ ಸೂರ್ಯನ ಹತ್ತಿರ ಹೋದಾಗ ಅಲ್ಲ. ಭೂಮಿ ಸೂರ್ಯನಿಗೆ ಅತಿ ಸಮೀಪ ಇರುವುದೇ ಜನವರಿಯ ಆರಂಭದಲ್ಲಿ, ಉತ್ತರಾರ್ಧದ ಚಳಿಗಾಲದಲ್ಲಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಸುಮಾರು 23.5 ಡಿಗ್ರಿ ವಾಲು.

ಗಗನಯಾತ್ರಿಗಳು ತೇಲುವುದು ಅಲ್ಲಿ ಗುರುತ್ವ ಇಲ್ಲದ್ದರಿಂದ ಅಲ್ಲ. 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ಇಲ್ಲಿನ ಸುಮಾರು 90 ಶೇಕಡಾ ಇದೆ. ಅವರು ಬೀಳುತ್ತಲೇ ಇದ್ದಾರೆ, ಆದರೆ ಪಕ್ಕಕ್ಕೆ ಎಷ್ಟು ವೇಗವಾಗಿ ಸಾಗುತ್ತಿದ್ದಾರೆಂದರೆ ನೆಲ ಕೆಳಗೆ ಬಾಗುತ್ತಾ ಹೋಗುತ್ತದೆ, ಸಿಗುವುದೇ ಇಲ್ಲ. ಆರು ವರ್ಷದವರಿಗೆ "ಬೀಳ್ತಾನೇ ಇರ್ತಾರೆ, ನೆಲ ತಪ್ಪಿಸಿಕೊಳ್ಳುತ್ತೆ" ಎಂದರೆ ಬಿದ್ದು ಬಿದ್ದು ನಗುತ್ತಾರೆ, ನೆನಪೂ ಉಳಿಯುತ್ತದೆ.

ಭಯ ಬಂದರೆ, ಆಸಕ್ತಿ ಹೋದರೆ

ಸೂರ್ಯ ಒಂದು ದಿನ ಸಾಯುತ್ತಾನೆ ಎಂದು ವಿಡಿಯೊದಲ್ಲಿ ಕೇಳಿದ ಮಗು ರಾತ್ರಿ ಅಳಬಹುದು. ನಗಬೇಡಿ. ಅದಕ್ಕೆ ಇನ್ನೂ ಸುಮಾರು 500 ಕೋಟಿ ವರ್ಷ ಇದೆ ಎಂಬ ಸಂಖ್ಯೆ ಮಗುವಿಗೆ ಏನೂ ಹೇಳುವುದಿಲ್ಲ. "ನಾಳೆ ಬೆಳಗ್ಗೆ ಬರ್ತಾನಾ ನೋಡೋಣ" ಎಂದು ಹೇಳಿ, ಬೆಳಗ್ಗೆ ನಿಜವಾಗಿ ಎಬ್ಬಿಸಿ ಪೂರ್ವದ ಬೆಳಕು ತೋರಿಸಿ. ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಅದು. ವಿಡಿಯೊಗಳನ್ನು ಆದಷ್ಟು ಜೊತೆಯಲ್ಲಿ ಕೂತೇ ನೋಡಿ.

ಇದೆಲ್ಲ ದೊಡ್ಡವರ ಲೋಕ ಎಂದು ಮಗು ಹಿಂಜರಿದರೆ ಎರಡು ಸಂಗತಿ ಹೇಳಿ. ಪ್ಲುಟೊ ಎಂಬ ಹೆಸರನ್ನು 1930ರಲ್ಲಿ ಸೂಚಿಸಿದ್ದು 11 ವರ್ಷದ ವೆನೀಷಿಯಾ ಬರ್ನಿ. 2012ರಲ್ಲಿ ಮಂಗಳನ ಮೇಲೆ ಇಳಿದ ರೋವರ್‌ಗೆ ಕ್ಯೂರಿಯಾಸಿಟಿ, ಅಂದರೆ ಕುತೂಹಲ ಎಂದು ಹೆಸರು ಕೊಟ್ಟಿದ್ದು ಆರನೇ ತರಗತಿಯ ಒಬ್ಬ ಹುಡುಗಿ.

ಇನ್ನು ಆಸಕ್ತಿ. ಅದು ಹೋಗುತ್ತದೆ, ಖಂಡಿತ. ನಮ್ಮವಳು ಒಂದು ಸೋಮವಾರ "ನಂಗೆ ಚಂದ್ರ ಸಾಕು, ಡೈನೋಸಾರ್ ಬೇಕು" ಎಂದು ಘೋಷಿಸಿದಳು. ಗೋಡೆಯ ಹಾಳೆಯನ್ನು ಸುಮ್ಮನೆ ತೆಗೆದಿಟ್ಟೆ. ಎರಡು ತಿಂಗಳು ಮನೆ ತುಂಬಾ ಡೈನೋಸಾರ್. ಆಮೇಲೆ ಒಂದು ದಿನ, ಅವೆಲ್ಲ ಹೇಗೆ ಸತ್ತವು ಎಂಬ ಪ್ರಶ್ನೆ ಬಂತು. 6.6 ಕೋಟಿ ವರ್ಷಗಳ ಹಿಂದೆ ಸುಮಾರು 10 ಕಿಲೋಮೀಟರ್ ಅಗಲದ ಬಂಡೆಯೊಂದು ಆಕಾಶದಿಂದ ಬಂದು ಭೂಮಿಗೆ ಬಡಿಯಿತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅಡುಗೆಮನೆಗೆ ಹೋಗಿ ಟ್ರೇ ಎಳೆದು ತಂದಳು. ಈ ಸಲ ಹಿಟ್ಟಿನ ನಡುವೆ ಪ್ಲಾಸ್ಟಿಕ್ ಡೈನೋಸಾರ್ ಒಂದು ನಿಂತಿತ್ತು. ಊಹೆ ಹೇಳದೆ ಯಾರೂ ಗೋಲಿ ಬಿಡುವ ಹಾಗಿಲ್ಲ ಎಂದು ನನಗೇ ಗದರಿದಳು. ಆವತ್ತಿನ ಹಿಟ್ಟು ಸೋಫಾದ ಕೆಳಗೆ ಇನ್ನೂ ಸಿಗುತ್ತಿದೆ.